ಮಂಡಕ್ಕಿ ಉಬ್ಬುವ ಕ್ಷಣವನ್ನು ಎಕ್ಸ್‌ರೇಯಲ್ಲಿ ಹಿಡಿಯಬಹುದಾ?

ಬೆಳಕಿನ ಮೇಷ್ಟ್ರು, ದಾವಣಗೆರೆ:
ಹೋದ ತಿಂಗಳು ವಿದ್ಯಾರ್ಥಿನಿಯೊಬ್ಬಳ ಸಂಶೋಧನೆ ಕೆಲಸಕ್ಕೆ ಇಂದೋರಿಗೆ ಹೋಗಿದ್ದೆ. ಅಲ್ಲಿನ ರಾಜಾ ರಾಮಣ್ಣ ಕೇಂದ್ರದಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ. 172.5 ಮೀಟರ್ ಸುತ್ತಳತೆಯ ಉಂಗುರ. ಅದರೊಳಗೆ ಎಲೆಕ್ಟ್ರಾನ್‌ಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತಿರುತ್ತವೆ. ಸೆಕೆಂಡಿಗೆ 17 ಲಕ್ಷ ಸುತ್ತು. ಕಾಂತಗಳು ಅವನ್ನು ತಿರುಗಿಸುವ ಜಾಗದಲ್ಲೆಲ್ಲ ಎಕ್ಸ್‌ರೇ ಚಿಮ್ಮುತ್ತದೆ. ಅದನ್ನು ಕೊಳವೆಯಲ್ಲಿ ಹೊರಗೆ ತಂದು ಕೆಲಸಕ್ಕೆ ಹಚ್ಚುತ್ತಾರೆ. ಆ ಕೊಳವೆ, ಕೋಣೆ, ಯಂತ್ರ ಎಲ್ಲ ಸೇರಿ ಬೀಮ್‌ಲೈನ್.

ನಾವು ಹೋಗಿದ್ದು ಶೇಂಗಾ ಸಿಪ್ಪೆಯ ಇದ್ದಿಲಿನೊಳಗಿನ ರಂಧ್ರ ನೋಡಲು. ಕೊನೆ ರಾತ್ರಿ ಸ್ವಲ್ಪ ಹೊತ್ತು ಉಳಿಯಿತು. ಟ್ರೇನಿಗೆ ಅಂತ ಕಟ್ಟಿಕೊಂಡಿದ್ದ ಮಂಡಕ್ಕಿ ಬ್ಯಾಗಿನಲ್ಲೇ ಇತ್ತು. ಒಂದು ಕಾಳು ತೆಗೆದು ಪಿನ್ನಿನ ತುದಿಗೆ ಅಂಟಿಸಿದೆ. ಮೊದಲ ಸಲ ಚಿತ್ರ ಕೆಟ್ಟಿತು. ಅಂಟು ಒಣಗುವವರೆಗೂ ಕಾಯದೆ ಅವಸರ ಮಾಡಿದ್ದೆ. 3ಡಿ ಚಿತ್ರಕ್ಕೆ ಕಾಳನ್ನು ತಿರುಗಿಸುತ್ತಾ ಎಲ್ಲ ಕಡೆಯಿಂದ ತೆಗೆಯಬೇಕು. ಅದು ತಿರುಗುತ್ತಾ ತಿರುಗುತ್ತಾ ಕೂದಲೆಳೆಯಷ್ಟು ಜಾರಿತ್ತು. ಚಿತ್ರದಲ್ಲಿ ಎಲ್ಲ ಅಂಚೂ ಎರಡೆರಡು. ಕುಡಿದವನ ಕಣ್ಣಿಗೆ ಕಂಡ ಹಾಗೆ. ಎರಡನೇ ಸಲ ಸರಿ ಬಂತು.

ಒಳಗೆ ಏನಿತ್ತು ಗೊತ್ತಾ? ನಡುವೆ ಒಂದೆರಡು ದೊಡ್ಡ ಪೊಳ್ಳು, ಹೊರಮೈ ಹತ್ತಿರ ಬಂದ ಹಾಗೆ ಸಣ್ಣ ಸಣ್ಣ ಗುಳ್ಳೆ. ಗೋಡೆಗಳು ಎಷ್ಟೋ ಕಡೆ ತಲೆಗೂದಲಿಗಿಂತ ತೆಳು. ಒಂದು ತುದಿಯಲ್ಲಿ ಮಾತ್ರ ಉಬ್ಬದೆ ಉಳಿದ ಗಟ್ಟಿ ಗಂಟು. ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದಲ್ಲ, ಅದೇ. ನಲವತ್ತು ವರ್ಷ ತಿಂದ ಪದಾರ್ಥ, ಒಳಗೆ ಹೀಗಿದೆ ಅಂತ ಗೊತ್ತೇ ಇರಲಿಲ್ಲ.

ಭಟ್ಟಿ ಬಸಣ್ಣ:
ಮೇಷ್ಟ್ರೇ, ಆ ಗಂಟೇ ನಮ್ಮ ಹೊಟ್ಟೆನೋವು. ಒಂದು ಚೀಲ ಹೂವಿನ ಹಾಗೆ ಅರಳುತ್ತದೆ, ಪಕ್ಕದ ಚೀಲದಲ್ಲಿ ಕಾಲುಭಾಗ ಗಟ್ಟಿ. ಅದೇ ಉಪ್ಪುನೀರು, ಅದೇ ಮರಳು, ಅದೇ ಉರಿ. ಉಬ್ಬಿದ ಮೇಲೆ ನೋಡಿದ್ದೀರಿ. ಉಬ್ಬುವಾಗಲೇ ನೋಡಲು ಆಗುತ್ತದಾ? ಮರಳಿಗೆ ಹಾಕಿ ಒಂದು ಎರಡು ಅಂತ ಎಣಿಸುವಷ್ಟರಲ್ಲಿ ಚಟಪಟ ಶುರು. ಹತ್ತು ಎಣಿಸುವುದರೊಳಗೆ ಜರಡಿಗೆ ಬಂದಿರಬೇಕು, ಇಲ್ಲದಿದ್ದರೆ ಕೆಂಪಾಗುತ್ತದೆ.

ಎಕ್ಸ್‌ರೇ ಸುಮಕ್ಕ:
ನಾನು ಎಕ್ಸ್‌ರೇ ಟೆಕ್ನಿಷಿಯನ್. ದಿನಕ್ಕೆ ಐವತ್ತು ಸಲ "ಉಸಿರು ಬಿಗಿಹಿಡಿದುಕೊಳ್ಳಿ" ಅನ್ನುತ್ತೇನೆ. ಯಾಕೆ? ಅಲ್ಲಾಡಿದರೆ ಮಸುಕು. ಮಕ್ಕಳನ್ನು ಹಿಡಿಯುವುದರೊಳಗೆ ಸಾಕುಸಾಕಾಗುತ್ತದೆ. ಮಂಡಕ್ಕಿಗೆ ಉಸಿರು ಹಿಡಿ ಅಂತ ಹೇಳುವವರು ಯಾರು?

ನಮ್ಮ ಟ್ಯೂಬಿನಲ್ಲಿ ಆಗುವುದೇ ಬೇರೆ. ಎಲೆಕ್ಟ್ರಾನ್‌ಗಳನ್ನು ಟಂಗ್‌ಸ್ಟನ್ ಲೋಹಕ್ಕೆ ಗುದ್ದಿಸುತ್ತೇವೆ. ನೂರಕ್ಕೆ ಒಂದು ಪಾಲು ಕೂಡ ಎಕ್ಸ್‌ರೇ ಆಗುವುದಿಲ್ಲ, ಮಿಕ್ಕಿದ್ದೆಲ್ಲ ಬರೀ ಶಾಖ. ಜಾಸ್ತಿ ಹೊಡೆದರೆ ಲೋಹವೇ ಕರಗುತ್ತದೆ. ಅದಕ್ಕೇ ಬೆಳಕು ಒಂದು ಮಿತಿ ದಾಟುವುದಿಲ್ಲ. ಸಿಂಕ್ರೊಟ್ರಾನಿನಲ್ಲಿ ಆ ತೊಂದರೆ ಇಲ್ಲ, ಅಲ್ವಾ ಮೇಷ್ಟ್ರೇ?

ಬೆಳಕಿನ ಮೇಷ್ಟ್ರು:
ಸರಿಯಾಗಿ ಹೇಳಿದಿರಿ ಅಕ್ಕ. ಅಲ್ಲಿ ಗುದ್ದುವ ಲೋಹವೇ ಇಲ್ಲ. ಎಲೆಕ್ಟ್ರಾನ್ ತಿರುಗಿದ್ದಕ್ಕೇ ಬೆಳಕು ಬರುತ್ತದೆ. 1947ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಇದನ್ನು ಮೊದಲು ಕಣ್ಣಾರೆ ಕಂಡದ್ದು. ಆಗ ಅದು ಕಾಟ. ಎಲೆಕ್ಟ್ರಾನಿನ ಶಕ್ತಿ ಸುಮ್ನೆ ಬೆಳಕಾಗಿ ಸೋರಿಹೋಗುತ್ತಿದೆ ಅಂತ ಬೇಜಾರು. ಈಗ ಆ ಸೋರಿಕೆಗಾಗಿಯೇ ಉಂಗುರ ಕಟ್ಟುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನ ಉಂಗುರದ್ದು 844 ಮೀಟರ್ ಸುತ್ತಳತೆ. ಜಪಾನಿನ ಸ್ಪ್ರಿಂಗ್-8 ಉಂಗುರ 1,436 ಮೀಟರ್.

ಬಸಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಒಂದು ಲೆಕ್ಕ ಹೇಳಬೇಕು. ಚಿತ್ರ ಅಂದರೆ ಫೋಟಾನ್, ಅಂದರೆ ಬೆಳಕಿನ ಕಣಗಳ ಎಣಿಕೆ. ಫೋಟಾನ್‌ಗಳು ಮಳೆ ಹನಿಯ ಹಾಗೆ, ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಒಂದು ಚುಕ್ಕೆಗೆ 100 ಬಿದ್ದರೆ ಹತ್ತರಷ್ಟು ಏರುಪೇರು ತಾನಾಗಿಯೇ ಇರುತ್ತದೆ. ಅಂದರೆ ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು ನೂರು, ನೂರಕ್ಕೆ ಒಂದು. ಈಗ ಚುಕ್ಕೆಯನ್ನು ಚಿಕ್ಕದು ಮಾಡಿ, ಇನ್ನೂ ಸೂಕ್ಷ್ಮ ನೋಡೋಣ ಅಂತ. ಒಂದೊಂದು ಚುಕ್ಕೆಗೆ ಬೀಳುವ ಹನಿ ಕಡಿಮೆ ಆಯಿತು. ವೇಗ ಜಾಸ್ತಿ ಮಾಡಿ. ಹನಿ ಬೀಳಲು ಸಿಗುವ ಹೊತ್ತೂ ಕಡಿಮೆ ಆಯಿತು. 3ಡಿ ಚಿತ್ರದಲ್ಲಂತೂ ಎರಡರಷ್ಟು ಸೂಕ್ಷ್ಮ ಬೇಕು, ಸ್ಪಷ್ಟತೆ ಮೊದಲಿನಷ್ಟೇ ಇರಬೇಕು ಅಂದರೆ 16 ಪಟ್ಟು ಎಕ್ಸ್‌ರೇ ಬೇಕು. ಎರಡಲ್ಲ, ನಾಲ್ಕಲ್ಲ, ಹದಿನಾರು. ಈ ಕೆಲಸಕ್ಕೆ ಸಿಂಕ್ರೊಟ್ರಾನೇ ಬೇಕು ಅನ್ನುವುದು ಇದಕ್ಕೇ.

ಸುಮ್ನೆ ಓದುಗ:
ಜನರ ತೆರಿಗೆ ದುಡ್ಡಿನಲ್ಲಿ ಮಂಡಕ್ಕಿ ಫೋಟೋ. ಚೆನ್ನಾಗಿದೆ. ಇನ್ನು ಮಿರ್ಚಿಯದೊಂದು ಬಾಕಿ.

ಬೆಳಕಿನ ಮೇಷ್ಟ್ರು:
ನಗಿ ಪರವಾಗಿಲ್ಲ. ಗ್ರೆನೋಬಲ್‌ನಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬುವಾಗ ಗುಳ್ಳೆ ಹೇಗೆ ಬೆಳೆಯುತ್ತದೆ ಅಂತ ವೇಗದ ಟೊಮೊಗ್ರಫಿಯಲ್ಲಿ (ಎಲ್ಲ ಕೋನದಿಂದ ಎಕ್ಸ್‌ರೇ ತೆಗೆದು 3ಡಿ ಚಿತ್ರ ಕಟ್ಟುವುದು) ನೋಡಿ 2006ರಲ್ಲೇ ಪ್ರಕಟಿಸಿದ್ದಾರೆ. ಇಂಗ್ಲೆಂಡಿನ ಡೈಮಂಡ್ ಸಿಂಕ್ರೊಟ್ರಾನಿನಲ್ಲಿ ಐಸ್‌ಕ್ರೀಮ್ ಇಟ್ಟು ನೋಡಿದ್ದಾರೆ. ಕರಗಿ ಮತ್ತೆ ಗಟ್ಟಿಯಾದಾಗ ಒಳಗಿನ ಮಂಜಿನ ಹರಳು ದೊಡ್ಡದಾಗಿ ನಾಲಿಗೆಗೆ ಮರಳು ಮರಳು ಆಗುತ್ತದಲ್ಲ, ಅದಕ್ಕಾಗಿ. ಅವರ ಬ್ರೆಡ್ಡು ವಿಜ್ಞಾನ, ನಮ್ಮ ಮಂಡಕ್ಕಿ ತಮಾಷೆಯಾ?

ಹರಿಹರ ಲೇತ್:
ನಾನು ವೆಲ್ಡಿಂಗ್ ಲೈನಿನವನು. ನಮಗೂ ಗುಳ್ಳೆ ಕಾಟವೇ. ಮೇಲೆ ನೋಡಿದರೆ ವೆಲ್ಡಿಂಗಿನ ಗೆರೆ ಕನ್ನಡಿ ಹಾಗೆ, ಒಳಗೆ ಬ್ಲೋಹೋಲ್, ಅಂದರೆ ಗುಳ್ಳೆಯ ತೂತು. ಗ್ರಾಹಕರು ಕೊಯ್ದು ನೋಡಿ ವಾಪಸ್ ಕಳಿಸಿದಾಗಲೇ ಗೊತ್ತಾಗುವುದು. ಲೋಹ ಕರಗಿರುವಾಗ ಒಳಗೆ ನೋಡಿದವರು ಇದ್ದಾರಾ?

ಬೆಳಕಿನ ಮೇಷ್ಟ್ರು:
ಇದ್ದಾರೆ ಅಣ್ಣ, ಬಹಳ ಚೆಂದದ ಕೆಲಸ. ಷಿಕಾಗೊ ಹತ್ತಿರದ ಆರ್ಗಾನ್ ಪ್ರಯೋಗಾಲಯದಲ್ಲಿ. ಲೇಸರ್ ಬಿದ್ದ ಕಡೆ ಲೋಹ ಬರೀ ಕರಗುವುದಿಲ್ಲ, ಆವಿಯಾಗುತ್ತದೆ. ಆ ಆವಿ ಕೆಳಗೆ ಒತ್ತಿ ಆಳವಾದ, ಸಪೂರ ಕುಳಿ ತೋಡುತ್ತದೆ. ಕೀಹೋಲ್ ಅನ್ನುತ್ತಾರೆ. ಲೇಸರ್ ಮುಂದೆ ಸರಿದ ಹಾಗೆ ಆ ಕುಳಿ ನಡುಗುತ್ತದೆ. ಕೆಲವೊಮ್ಮೆ ತಳದ ತುದಿ ಚಿವುಟಿದ ಹಾಗೆ ಕಳಚಿಕೊಂಡು ಗುಳ್ಳೆಯಾಗುತ್ತದೆ. ಮೇಲೆ ಬರುವುದರೊಳಗೆ ಲೋಹ ಗಟ್ಟಿ. ಗುಳ್ಳೆ ಅಲ್ಲೇ ಸಮಾಧಿ. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಲೇಸರಿನ ಶಕ್ತಿ ಎಷ್ಟಾದರೆ ಕೀಹೋಲ್ ಹುಟ್ಟುತ್ತದೆ ಎಂಬುದನ್ನೂ ತೋರಿಸಿದರು. ಲೇಸರಿನಲ್ಲಿ ಲೋಹ ಮುದ್ರಿಸುವ 3ಡಿ ಪ್ರಿಂಟರ್‌ಗಳಿಗೆ ಇದು ದೊಡ್ಡ ಸುದ್ದಿ. ನಿಮ್ಮ ಆರ್ಕ್ ವೆಲ್ಡಿಂಗಿನ ಗುಳ್ಳೆಗೆ ಕಾರಣ ಹೆಚ್ಚಾಗಿ ಬೇರೆ, ತೇವದ ರಾಡು, ಎಣ್ಣೆ, ತುಕ್ಕು ಇತ್ಯಾದಿ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅಷ್ಟು ವೇಗ ಹೇಗೆ ಅಂದರೆ, ಉಂಗುರದಲ್ಲಿ ಎಲೆಕ್ಟ್ರಾನ್‌ಗಳು ನೀರಿನ ಧಾರೆ ಹಾಗೆ ಓಡುವುದಿಲ್ಲ, ಗುಂಪು ಗುಂಪಾಗಿ ಓಡುತ್ತವೆ. ಒಂದೊಂದು ಗುಂಪು ಹಾದುಹೋದಾಗಲೂ ಒಂದೊಂದು ಮಿಂಚು. ಆ ಮಿಂಚು ಇರುವುದು ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಒಂದು ಮಿಂಚಿಗೆ ಒಂದು ಚಿತ್ರ ತೆಗೆದರೆ ಮಸುಕು ಅನ್ನುವ ಮಾತೇ ಇಲ್ಲ.

ದುರ್ಗದ ಕಲ್ಲು:
ಚಿತ್ರದುರ್ಗದಿಂದ, ಭೂವಿಜ್ಞಾನ ಓದುತ್ತಿದ್ದೇನೆ. ಸರ್, ಕಲ್ಲಿನೊಳಗೆ ನೀರು ಹರಿಯುವುದನ್ನೂ ಹೀಗೆ ನೋಡಿದ್ದಾರೆ ಅಂತ ಪಾಠದಲ್ಲಿ ಬಂತು. ಮರಳುಗಲ್ಲಿನ ರಂಧ್ರಗಳಲ್ಲಿ ಎಣ್ಣೆ ನೀರನ್ನು ತಳ್ಳಿಕೊಂಡು ಹೋಗುವಾಗ ಸಮನಾಗಿ ಸರಿಯುವುದಿಲ್ಲವಂತೆ. ಒಂದು ರಂಧ್ರದ ಬಾಯಲ್ಲಿ ತಡೆದು ನಿಂತು, ಆಮೇಲೆ ಒಮ್ಮೆಲೇ ನಾಲ್ಕಾರು ರಂಧ್ರಕ್ಕೆ ಹಾರುತ್ತದೆ. ಹೇನ್ಸ್ ಜಿಗಿತ ಅಂತ ಹೆಸರು. ಸ್ವಿಟ್ಜರ್‌ಲೆಂಡಿನ ಟಾಮ್‌ಕ್ಯಾಟ್ ಬೀಮ್‌ಲೈನಿನಲ್ಲಿ ನೋಡಿದ್ದು, 2013ರಲ್ಲಿ ಪ್ರಕಟ. ನಮ್ಮ ಕಡೆ ಬೋರ್‌ವೆಲ್ ಕಲ್ಲಿಗೂ ಹಚ್ಚಬಹುದಾ? ನಮ್ಮೂರಲ್ಲಿ 600 ಅಡಿ ಕೊರೆದರೂ ಧೂಳು. ಪಕ್ಕದ ಹೊಲದಲ್ಲಿ 180ಕ್ಕೇ ನೀರು.

ಬೆಳಕಿನ ಮೇಷ್ಟ್ರು:
ಅದು ರಂಧ್ರದ ಕಲ್ಲು ತಮ್ಮ, ನಮ್ಮದು ಬಿರುಕಿನ ಕಲ್ಲು. ದುರ್ಗದ ಗ್ರಾನೈಟ್, ಶಿಸ್ಟ್ ಎರಡೂ ಗಟ್ಟಿ, ನೀರು ಇರುವುದು ಸೀಳಿನಲ್ಲಿ. ಆ ಸೀಳು ನೂರಾರು ಅಡಿ ಉದ್ದ. ನಾನು ಹೇಳುತ್ತಿರುವುದು ಬೆರಳ ತುದಿಯಷ್ಟು ಮಾದರಿಯ ಮಾತು. ಬೋರ್ ಪಾಯಿಂಟ್ ತೋರಿಸಲು ಸಿಂಕ್ರೊಟ್ರಾನ್ ಬರುವುದಿಲ್ಲ, ತೆಂಗಿನಕಾಯಿಯೂ ಬರುವುದಿಲ್ಲ.

ಆದರೆ ಮರಡಿಹಳ್ಳಿಯ ದಿಂಬುಗಲ್ಲಿನ ಒಂದು ಚೂರು ಸಿಕ್ಕರೆ ಇಟ್ಟು ನೋಡುವ ಆಸೆ ನನಗಿದೆ. ನೀರೊಳಗೆ ಉಕ್ಕಿದ ಲಾವಾ ಅದು, ಗುಳ್ಳೆಯ ಗುರುತು ಇದ್ದರೂ ಇರಬಹುದು. ರಕ್ಷಿತ ಸ್ಮಾರಕ, ಒಡೆಯಲು ಮಾತ್ರ ಹೋಗಬೇಡ.

ಭಟ್ಟಿ ಬಸಣ್ಣ:
ಲಾವಾ ಎಲ್ಲ ಆಯ್ತು, ನನ್ನ ಅಕ್ಕಿ?

ಬೆಳಕಿನ ಮೇಷ್ಟ್ರು:
ಬಂದೆ ಬಸಣ್ಣ, ಕೋಪ ಬೇಡ.

ಮೊದಲು, ಚಿತ್ರ ಹೇಗೆ ತೆಗೆಯುತ್ತಾರೆ ನೋಡಿ. ಎಕ್ಸ್‌ರೇ ಕಾಳನ್ನು ದಾಟಿ ಸಿಂಟಿಲೇಟರ್ ಎಂಬ ತೆಳುವಾದ ಹರಳಿಗೆ ಬೀಳುತ್ತದೆ. ಹರಳು ಮಿಣುಗುತ್ತದೆ, ಕಣ್ಣಿಗೆ ಕಾಣುವ ಬೆಳಕು. ಅದನ್ನು ಕನ್ನಡಿಯಿಂದ ಪಕ್ಕಕ್ಕೆ ತಿರುಗಿಸಿ, ಮೈಕ್ರೋಸ್ಕೋಪಿನ ಲೆನ್ಸಿನಲ್ಲಿ ದೊಡ್ಡದು ಮಾಡಿ, ಕ್ಯಾಮೆರಾಗೆ ಕೊಡುತ್ತಾರೆ. ಕ್ಯಾಮೆರಾವನ್ನು ಕಿರಣಕ್ಕೆ ನೇರ ಒಡ್ಡಿದರೆ ನಾಲ್ಕು ದಿನಕ್ಕೆ ಕೆಟ್ಟುಹೋಗುತ್ತದೆ, ಅದಕ್ಕೇ ಈ ಬಳಸು ದಾರಿ.

ಇನ್ನೊಂದು ತೊಡಕು. ಮೂಳೆ ಎಕ್ಸ್‌ರೇಯನ್ನು ತಡೆಯುತ್ತದೆ, ಬಿಳಿ ಕಾಣುತ್ತದೆ. ಅಕ್ಕಿಯ ಪಿಷ್ಟ ಹೆಚ್ಚುಕಡಿಮೆ ತಡೆಯುವುದೇ ಇಲ್ಲ. ಗಾಜಿನ ಮೇಲಿನ ಗಾಜಿನ ಹಾಗೆ. ಇಲ್ಲಿ ಒಂದು ಉಪಾಯ ಇದೆ. ನಿಂತ ನೀರಿಗೆ ಬೆಳಗಿನ ಬಿಸಿಲು ಬಿದ್ದಾಗ ಹೊಂಡದ ತಳದಲ್ಲಿ ಬೆಳ್ಳನೆ ಗೆರೆಗಳು ಬಲೆಯ ಹಾಗೆ ಆಡುತ್ತವಲ್ಲ? ನೀರು ಬೆಳಕನ್ನು ತಡೆದಿಲ್ಲ, ಬರೀ ಬಾಗಿಸಿದೆ. ಗೆರೆ ಮೂಡಬೇಕಾದರೆ ತಳ ಸ್ವಲ್ಪ ಕೆಳಗಿರಬೇಕು. ಹಾಗೆಯೇ ಕ್ಯಾಮೆರಾವನ್ನು ಕಾಳಿನಿಂದ ಸ್ವಲ್ಪ ಹಿಂದಕ್ಕೆ ಸರಿಸಿದರೆ ಗುಳ್ಳೆಯ ಅಂಚುಗಳೆಲ್ಲ ಗೆರೆ ಎಳೆದ ಹಾಗೆ ಎದ್ದು ಕಾಣುತ್ತವೆ. ಫೇಸ್ ಕಾಂಟ್ರಾಸ್ಟ್ ಅನ್ನುತ್ತಾರೆ. ಇಂದೋರಿನಲ್ಲಿ ನಾನೇ ಕ್ಯಾಮೆರಾ ಹಿಂದೆ ತಳ್ಳಿ ನೋಡಿದೆ. ಹತ್ತಿರ ಇದ್ದಾಗ ಮಂಡಕ್ಕಿ ಬರೀ ಮಂಜು. ಒಂದೊಂದೇ ಹೆಜ್ಜೆ ಹಿಂದೆ ಹೋದ ಹಾಗೆ ಮಂಜಿನೊಳಗಿಂದ ಜೇನುಗೂಡು ಎದ್ದು ಬಂತು. ಆ ಎರಡು ನಿಮಿಷ ಯಾರೂ ಮಾತಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಒಂದು ಅಂದಾಜು ಹಾಕೋಣ. ಕಾಳು ಒಟ್ಟು 3 ಮಿಲಿಮೀಟರ್ ಹಿಗ್ಗುತ್ತದೆ, ಅದೂ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಅಂತಿಟ್ಟುಕೊಳ್ಳಿ. ಅಂಚು ಓಡುವ ವೇಗ ಸೆಕೆಂಡಿಗೆ 30 ಮಿಲಿಮೀಟರ್. ಇಡೀ ಕಾಳು ಚೌಕಟ್ಟಿನಲ್ಲಿ ಹಿಡಿಯಬೇಕಾದರೆ ಒಂದು ಚುಕ್ಕೆಗೆ 5 ಮೈಕ್ರಾನ್ ಇಡಬೇಕು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಒಂದು ಮೈಕ್ರಾನ್ ಇಟ್ಟರೆ ಕಾಳಿನ ಮೂಗು ಮಾತ್ರ ಕಾಣುತ್ತದೆ. ಮಸುಕಾಗಬಾರದು ಅಂದರೆ ಅಂಚು ಒಂದು ಚುಕ್ಕೆ ದಾಟುವುದರೊಳಗೆ ಚಿತ್ರ ಮುಗಿಯಬೇಕು. ಅಂದರೆ ಸೆಕೆಂಡಿನ 6,000ದಲ್ಲಿ ಒಂದು ಪಾಲು. ಒಂದೇ ಕಡೆಯಿಂದ ತೆಗೆದ ಎಕ್ಸ್‌ರೇ ನೆರಳಿನ ಸಿನಿಮಾ ಸಾಕು ಅಂದರೆ ಇದು ಆಗುವ ಕೆಲಸ. ಒಳ್ಳೆ ಪ್ರಖರ ಬೀಮ್‌ಲೈನ್ ಬೇಕು, ಅಷ್ಟೇ.

3ಡಿ ಬೇಕು ಅಂದರೆ ಕಥೆ ಬೇರೆ. ಕಾಳು ಅರ್ಧ ಸುತ್ತು ತಿರುಗುವುದರೊಳಗೆ ಎಲ್ಲ ಕೋನದಿಂದಲೂ ನೆರಳು ತೆಗೆಯಬೇಕು, ಆ ಅರ್ಧ ಸುತ್ತಿನಲ್ಲಿ ಕಾಳು ಹಿಗ್ಗಬಾರದು.

ಎಕ್ಸ್‌ರೇ ಸುಮಕ್ಕ:
ನಮ್ಮ ಸಿಟಿ ಸ್ಕ್ಯಾನಿನಲ್ಲಿ ಯಂತ್ರ ಸುತ್ತುತ್ತದೆ, ಮನುಷ್ಯ ಮಲಗಿರುತ್ತಾನೆ. ಅಲ್ಲಿ ಉಲ್ಟಾನಾ?

ಬೆಳಕಿನ ಮೇಷ್ಟ್ರು:
ಹೌದಕ್ಕ. 172 ಮೀಟರ್ ಉಂಗುರವನ್ನು ಕಾಳಿನ ಸುತ್ತ ತಿರುಗಿಸಲು ಆಗುತ್ತದಾ? ಕಾಳೇ ತಿರುಗಬೇಕು. ಟಾಮ್‌ಕ್ಯಾಟ್‌ನಲ್ಲಿ ಬರ್ಲಿನ್‌ನ ಹೆಲ್ಮ್‌ಹೋಲ್ಟ್ಸ್ ಕೇಂದ್ರದವರು ಸೆಕೆಂಡಿಗೆ 1,000 3ಡಿ ಚಿತ್ರ ತೆಗೆದರು, 2021ರಲ್ಲಿ ಪ್ರಕಟವಾಯಿತು. ಲೋಹದ ನೊರೆ ಅಂತ ಇದೆ, ಅಲ್ಯೂಮಿನಿಯಮ್ಮಿನ ಮಂಡಕ್ಕಿ ಅನ್ನಿ. ಅದು ಉಬ್ಬುವುದನ್ನು ನೋಡಿದರು. ಸುರುಸುರು ಬತ್ತಿ ಉರಿಯುವುದನ್ನೂ 3ಡಿಯಲ್ಲಿ ಹಿಡಿದರು, ದೀಪಾವಳಿಯದು! ಅದಕ್ಕಾಗಿ ಮಾದರಿ ಸೆಕೆಂಡಿಗೆ 500 ಸುತ್ತು ತಿರುಗಬೇಕು. ಅಂದರೆ ನಿಮಿಷಕ್ಕೆ 30,000. ಮನೆ ಮಿಕ್ಸಿಯೇ 18,000ದ ಆಸುಪಾಸು.

ಹರಿಹರ ಲೇತ್:
30,000 ಆರ್‌ಪಿಎಂನಲ್ಲಿ ಒಂದು ಕೂದಲೆಳೆ ರನ್‌ಔಟ್ (ತಿರುಗುವಾಗಿನ ಓಲಾಟ) ಇದ್ದರೂ ಮಾದರಿ ಗೋಡೆಗೆ ಹೋಗಿ ಅಂಟುತ್ತದೆ. ಲೇತಿನವನ ಮಾತು ನಂಬಿ.

ಬೆಳಕಿನ ಮೇಷ್ಟ್ರು:
ನಂಬಿದೆ, ಲೆಕ್ಕವೂ ಅದನ್ನೇ ಹೇಳುತ್ತದೆ. ಆ ವೇಗದಲ್ಲಿ ನಡುವಿನಿಂದ ಬರೀ 1 ಮಿಲಿಮೀಟರ್ ದೂರದಲ್ಲಿ ಭೂಮಿಯ ಸೆಳೆತದ ಸಾವಿರ ಪಟ್ಟು ಎಳೆತ. ಅದಕ್ಕೇ ಮಾದರಿ ಪುಟ್ಟದಿರಬೇಕು. ಮೆತ್ತಗಾದ ಅಕ್ಕಿಕಾಳು ಆ ಎಳೆತಕ್ಕೆ ಒಳಗಿನಿಂದ ಅಲ್ಲ, ಹೊರಗಿನಿಂದಲೇ ಹಿಗ್ಗಿಬಿಡುತ್ತದೆ. ಅಷ್ಟು ಮಾಡಿದರೂ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಮಂಡಕ್ಕಿಯ ಅಂಚು 30 ಮೈಕ್ರಾನ್ ಓಡಿರುತ್ತದೆ. ಗೋಡೆಯೇ 20 ಮೈಕ್ರಾನ್ ಇದ್ದರೆ ಚಿತ್ರದಲ್ಲಿ ಗೋಡೆಯೇ ಇರುವುದಿಲ್ಲ.

ಚಳ್ಳಕೆರೆ ಶೇಂಗಾ:
ಹಾಗಾದರೆ ನೊಣದ ರೆಕ್ಕೆ ಹೇಗೆ ಹಿಡಿದರು? ಹಾರುವ ನೊಣದ ಒಳಗಿನ ಸ್ನಾಯು ಆಡುವ ವಿಡಿಯೋ ನೋಡಿದ ನೆನಪು. ಅದೂ ಸೆಕೆಂಡಿಗೆ 150 ಸಲ ಬಡಿಯುತ್ತದಂತೆ.

ಬೆಳಕಿನ ಮೇಷ್ಟ್ರು:
ಒಳ್ಳೆ ಪ್ರಶ್ನೆ. 2014ರ ಕೆಲಸ, ಅದೂ ಟಾಮ್‌ಕ್ಯಾಟ್‌ನದೇ. ಅಲ್ಲೊಂದು ಜಾಣತನ ಇದೆ. ನೊಣ ಅದೇ ಬಡಿತವನ್ನು ಮತ್ತೆ ಮತ್ತೆ ಬಡಿಯುತ್ತದೆ. ನಿಧಾನವಾಗಿ ತಿರುಗಿಸುತ್ತಾ ಸಾವಿರಾರು ನೆರಳು ತೆಗೆದು, ಆಮೇಲೆ ರೆಕ್ಕೆ ಮೇಲಿದ್ದವು ಒಂದು ಗುಂಪು, ನಡುವೆ ಇದ್ದವು ಒಂದು ಗುಂಪು ಅಂತ ಆರಿಸಿ ಜೋಡಿಸಿದರು. ಒಂದೇ ಬಡಿತವನ್ನು ಹಿಡಿದದ್ದಲ್ಲ, ಎಷ್ಟೋ ಬಡಿತಗಳನ್ನು ಸೇರಿಸಿ ಒಂದು ಮಾಡಿದ್ದು. ಮಂಡಕ್ಕಿ ಜೀವಮಾನದಲ್ಲಿ ಒಂದೇ ಸಲ ಉಬ್ಬುವುದು. ಇನ್ನೊಂದು ಸಲ ಉಬ್ಬು ಅಂದರೆ ಕೇಳುತ್ತದಾ?

ಇನ್ನು ಡೇಟಾ. ಟಾಮ್‌ಕ್ಯಾಟ್‌ನ ಗಿಗಾಫ್ರಾಸ್ಟ್ ಕ್ಯಾಮೆರಾ 2016 × 2016 ಚುಕ್ಕೆಯ ಚಿತ್ರವನ್ನು ಸೆಕೆಂಡಿಗೆ 1,255 ತೆಗೆಯುತ್ತದೆ. ಸೆಕೆಂಡಿಗೆ 7.7 ಜಿಬಿ. ಒಂದು ನಿಮಿಷ ಓಡಿಸಿದರೆ 460 ಜಿಬಿ. ನಾವು ಇಂದೋರಿನಿಂದ ತಂದ ನಿಧಾನದ ಚಿತ್ರಗಳೇ ಒಂದು ಹಾರ್ಡ್ ಡಿಸ್ಕ್ ತುಂಬಿವೆ. ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ ಫ್ಯಾನ್ ಕೂಗುತ್ತದೆ, ಚಿತ್ರ ಬರುವುದಿಲ್ಲ.

ಭಟ್ಟಿ ಬಸಣ್ಣ:
ನೆರಳಿನ ಸಿನಿಮಾ ಆದರೂ ಸಾಕು. ಬಾಣಲೆ, ಮರಳು ನಾನೇ ತರುತ್ತೇನೆ.

ಬೆಳಕಿನ ಮೇಷ್ಟ್ರು:
ಮರಳು ಬೇಡ ಅಂತಲೇ ಹೇಳಬೇಕು ಅಂತಿದ್ದೆ. ಮರಳು ಪಿಷ್ಟಕ್ಕಿಂತ ಎಷ್ಟೋ ಜಾಸ್ತಿ ಎಕ್ಸ್‌ರೇ ತಡೆಯುತ್ತದೆ. ಕಾಳು ಅದರ ನೆರಳಿನಲ್ಲೇ ಕಳೆದುಹೋಗುತ್ತದೆ. ಬಿಸಿ ಗಾಳಿ ಊದಿ ಉಬ್ಬಿಸಬೇಕು.

ಭಟ್ಟಿ ಬಸಣ್ಣ:
ಮರಳಿಲ್ಲದೆ ಅದು ಮಂಡಕ್ಕಿನಾ ಮೇಷ್ಟ್ರೇ? ಮರಳು ಎಲ್ಲ ಕಡೆಯಿಂದ ಒಂದೇ ಸಲ ಕಾಳನ್ನು ಅಪ್ಪಿಕೊಳ್ಳುತ್ತದೆ. ಗಾಳಿಯಲ್ಲಿ ಉಬ್ಬಿದ್ದರ ಚಿತ್ರ ಇಟ್ಟುಕೊಂಡು ನನ್ನ ಭಟ್ಟಿಗೆ ಏನು ಮಾಡಲಿ?

ಎಕ್ಸ್‌ರೇ ಸುಮಕ್ಕ:
ಬಸಣ್ಣ ಹೇಳಿದ್ದು ನಿಜ. ಜೊತೆಗೆ ಅಷ್ಟು ಎಕ್ಸ್‌ರೇ ಸುರಿದರೆ ಕಾಳೂ ಬಿಸಿಯಾಗುವುದಿಲ್ಲವಾ? ಉಬ್ಬಿಸಿದ್ದು ಗಾಳಿಯೋ ಎಕ್ಸ್‌ರೇಯೋ ಹೇಗೆ ಗೊತ್ತಾಗುತ್ತದೆ?

ಬೆಳಕಿನ ಮೇಷ್ಟ್ರು:
ಇಬ್ಬರೂ ಸೇರಿ ಕಟ್ಟಿಹಾಕಿದಿರಿ. ಎಕ್ಸ್‌ರೇ ಕಾಳನ್ನು ಬಿಸಿ ಮಾಡುವುದೂ ನಿಜ, ಪಿಷ್ಟವನ್ನು ಕೆಡಿಸುವುದೂ ನಿಜ. ಅದಕ್ಕೇ ಎಕ್ಸ್‌ರೇ ಹಾಯಿಸದೆ ಗಾಳಿಯಲ್ಲಿ ಉಬ್ಬಿಸಿದ ಕಾಳುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಮರಳಿನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ.

ರಾತ್ರಿ ಇದನ್ನೇ ಯೋಚಿಸಿದೆ. ನಿಮಗೆ ಬೇಕಾದದ್ದು ಉಬ್ಬುವ ಕ್ಷಣವೇನಾ? ಕಾಳಿನೊಳಗಿನ ತೇವ ಹಬೆಯಾಗುತ್ತದೆ, ಪಿಷ್ಟ ರಬ್ಬರಿನ ಹಾಗೆ ಮೆತ್ತಗಾಗುತ್ತದೆ, ಹಬೆ ಅದನ್ನು ಬಲೂನಿನ ಹಾಗೆ ಊದುತ್ತದೆ. ಬಲೂನಿನಲ್ಲಿ ಮೊದಲೇ ತೂತಿದ್ದರೆ? ಹಬೆ ಸೋರಿಹೋಗುತ್ತದೆ, ಕಾಳು ಗಟ್ಟಿ ಉಳಿಯುತ್ತದೆ. ಬಿರುಕು ಬಿಟ್ಟ ಅಕ್ಕಿ ಸರಿಯಾಗಿ ಉಬ್ಬುವುದಿಲ್ಲ ಅನ್ನುವುದು ಗೊತ್ತಿರುವ ವಿಷಯ. ಬಿರುಕು ಎಲ್ಲೂ ಓಡಿಹೋಗುವುದಿಲ್ಲ. ಅದನ್ನು ನೋಡಲು ನಿಧಾನದ ಸ್ಕ್ಯಾನ್ ಸಾಕು, ಇಂದೋರೇ ಸಾಕು. ಶಿಕ್ಷಣ ಸಂಸ್ಥೆಯವರು ಅರ್ಜಿ ಹಾಕಿ ಒಪ್ಪಿಗೆಯಾದರೆ ಹೊತ್ತು ಕೊಡುತ್ತಾರೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಎರಡು ಸ್ಟೂಲಿನ ಮೇಲೆ ಗಾಜು ಇಡಿ. ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿ. ಮೇಲೆ ಕುಸುಬಲಕ್ಕಿ ಹರಡಿ. ಬಿರುಕಿದ್ದ ಕಾಳಿನಲ್ಲಿ ಅಡ್ಡಡ್ಡ ಗೆರೆ ಕಾಣುತ್ತದೆ.

ಸುಮ್ನೆ ಓದುಗ:
ಗ್ರೆನೋಬಲ್‌ನಿಂದ ಮೊಬೈಲ್ ಟಾರ್ಚಿಗೆ ಬಂದೆವು. ಈಗ ನನಗೂ ಆಸಕ್ತಿ ಬಂತು, ಬಸಣ್ಣ ಏನಾಯ್ತು ಹೇಳಿ.

ಭಟ್ಟಿ ಬಸಣ್ಣ (ಎರಡು ದಿನದ ಮೇಲೆ):
ಮಗಳು ಕೂತು ಎಣಿಸಿದಳು. ಒಳ್ಳೆ ಚೀಲದ ನೂರು ಕಾಳಿಗೆ ಆರು ಗೆರೆ. ಕೆಟ್ಟ ಚೀಲದ ನೂರಕ್ಕೆ ಮೂವತ್ತೊಂದು. ಎರಡೆರಡು ಸಲ ಎಣಿಸಿದಳು, ನಾನು ನಂಬಲಿಲ್ಲ ಅಂತ. ಗೆರೆ ಎಲ್ಲ ಸೊಂಟದ ಹತ್ತಿರವೇ, ಬ್ಲೇಡಿನಲ್ಲಿ ಗೀರಿದ ಹಾಗೆ.

ಅಕ್ಕಿ ಕೊಟ್ಟವರಿಗೆ ಫೋನ್ ಮಾಡಿ ಸುಮ್ನೆ ಕೇಳಿದೆ, ಬೇಯಿಸಿದ ಭತ್ತ ಎಲ್ಲಿ ಒಣಗಿಸಿದಿರಿ ಅಂತ. ಕಣದಲ್ಲೇ, ಆದರೆ ಒಣಗಿದ ಮೇಲೆ ಒಂದು ರಾತ್ರಿ ಮಳೆ ಹನಿ ಬಿತ್ತು, ಬೆಳಗ್ಗೆ ಮತ್ತೆ ಹರಡಿದೆವು ಅಂದರು.

ಬೆಳಕಿನ ಮೇಷ್ಟ್ರು:
ಅದೇ ಇರಬೇಕು! ಒಣಗಿದ ಕಾಳು ಒಮ್ಮೆಲೇ ತೇವ ಹೀರಿದರೆ ಹೊರಮೈ ಹಿಗ್ಗುತ್ತದೆ, ಒಳಗು ಹಿಗ್ಗುವುದಿಲ್ಲ. ನಡುವೆ ಸೀಳುತ್ತದೆ. ಬಸಣ್ಣ, ಅರ್ಜಿ ಬರೆಯುತ್ತಿದ್ದೇನೆ. ಎರಡೂ ಚೀಲದ ಕಾಳು ಬೇಕು. ಸೀಳು ಎಷ್ಟು ಆಳ, ಹೊರಮೈವರೆಗೂ ಬಂದಿದೆಯಾ, ಅದು 3ಡಿಯಲ್ಲೇ ಗೊತ್ತಾಗಬೇಕು. ಟಾರ್ಚಿಗೆ ಅಷ್ಟು ಬರುವುದಿಲ್ಲ.

ಭಟ್ಟಿ ಬಸಣ್ಣ:
ಎರಡು ಡಬ್ಬಿ ಕಟ್ಟಿ ಇಟ್ಟಿದ್ದೇನೆ. ಕೆಟ್ಟದ್ದಕ್ಕೆ ಕೆಂಪು ದಾರ. ಬೆಳಗ್ಗೆ ನಾಲ್ಕಕ್ಕೆ ಭಟ್ಟಿ ಹಚ್ಚುತ್ತೇವೆ, ಏಳರೊಳಗೆ ಬನ್ನಿ. ಆಮೇಲೆ ಹೊಗೆ ಜಾಸ್ತಿ, ನಿಮಗೆ ಆಗುವುದಿಲ್ಲ. ಈ ಸಲ ಅಂಟು ಒಣಗಲು ಬಿಡಿ.